ಮೈಟರ್ ಎಂಬ ಶಿರೋವಸ್ತ್ರದ ಹೆಸರೂ ಅರ್ಥವೂ

ಬಿಷಪರ ತಲೆಯ ಮೇಲೆ ಮುಂದೊಂದು ಹಿಂದೊಂದು ಮೊನೆಯುಳ್ಳ ಎತ್ತರವಾದ ಟೊಪ್ಪಿಗೆಯನ್ನು ನೀವು ಪಟಗಳಲ್ಲಿಯಾದರೂ ನೋಡಿರುವಿರಿ. ಅದನ್ನು ಕಿರೀಟವೆಂದು ಕರೆಯುವವರುಂಟು, ಅದು ಸರಿಯಲ್ಲ. ಅದರ ಹೆಸರು ಮೈಟರ್. 'ಮಿತ್ರಾ' ಎಂಬ ಗ್ರೀಕ್ ಶಬ್ದದಿಂದ ಈ ಹೆಸರು ಹುಟ್ಟಿತು. ತಲೆಗೆ ಕಟ್ಟುವ ಪಟ್ಟಿಯೆಂದು ಅದರ ಅರ್ಥ. ಪೂರ್ವದ ರೋಮಾಯರಾದರೋ ಇದು ಹೆಂಗಸರಿಗೂ ಪರದೇಶದವರಿಗೂ ತಕ್ಕದ್ದೆಂದು ಹಾಸ್ಯಮಾಡುತ್ತಿದ್ದರು!

ವಿಮೋಚನಕಾಂಡದ 28ನೆಯ ಅಧ್ಯಾಯದಲ್ಲಿ ಮಹಾಯಾಜಕನಾದ ಆರೋನನ ಮುಂಡಾಸದ ವರ್ಣನೆಯುಂಟು. ಇಬ್ರಿಯ ಭಾಷೆಯಲ್ಲಿ ಅದರ ಹೆಸರು 'ಸುತ್ತು' ಎಂಬ ಕ್ರಿಯಾಪದದಿಂದ ಬಂದದ್ದು. ನಮ್ಮ ಒಕ್ಕಲಿಗನ ಮುಂಡಾಸದಂತೆ ಅದೂ ಸುತ್ತಿದ ಬಟ್ಟೆಯೇ. ಅದರ ಮುಂಭಾಗದಲ್ಲಿ ಚಿನ್ನದ ತಗಡನ್ನು ನೀಲಿ ದಾರದಿಂದ ಕಟ್ಟುತ್ತಿದ್ದರು. ಕ್ರಿಸ್ತನಿಗಿಂತ ಮುಂಚೆ ಆ ಗ್ರಂಥವನ್ನು ಗ್ರೀಕ್ ಭಾಷೆಗೆ ತಿರುಗಿಸಿದ ಯೆಹೂದ್ಯರು ಇಲ್ಲಿ 'ಮಿತ್ರಾ' ಎಂಬ ಮಾತನ್ನು ಉಪಯೋಗಿಸಿದರು.

ಹಾಗಾದರೆ ಬಿಷಪರ ಮೈಟರ್ ಆರೋನನಿಂದಲೇ ಪರಂಪರೆಯಾಗಿ ಬಂದಿತೋ? ಇಲ್ಲ, ಹೆಸರು ಮಾತ್ರ ಬಂದಿತು. ಪಶ್ಚಿಮದ ಸಭೆಯಲ್ಲಿ ಸುಮಾರು ಸಾವಿರ ವರ್ಷಗಳ ವರೆಗೆ ಬಿಷಪರಿಗೆ ಇಂಥ ಟೊಪ್ಪಿಗೆ ಇರಲಿಲ್ಲ. 1049ರಲ್ಲಿ ಒಂಬತ್ತನೆಯ ಲಿಯೋ ಪೋಪನು ಜರ್ಮನಿ ದೇಶದ ಟ್ರಿಯರ್ ಪಟ್ಟಣದ ಆರ್ಚ್‌ಬಿಷಪನಾದ ಎಬರ್ಹಾರ್ಡನಿಗೆ ರೋಮಿನ ಪದ್ಧತಿಯಂತೆ ಮೈಟರ್ ಧರಿಸುವ ಅಪ್ಪಣೆಯನ್ನು ಕೊಟ್ಟನು. ಆಗ ಅದು ಸಾದಾ ಮೊನೆ ಟೊಪ್ಪಿಗೆ. ಹನ್ನೆರಡನೆಯ ಶತಮಾನದಲ್ಲಿ ಅದರ ನಡುವೆ ತಗ್ಗಾಗಿ, ಎಡಬಲಗಳಲ್ಲಿ ಎರಡು ಕೊಂಬುಗಳೆದ್ದವು. ತರುವಾಯ ಟೊಪ್ಪಿಗೆಯನ್ನೇ ತಿರುಗಿಸಿ ಅವು ಹಿಂದುಮುಂದಾಗುವಂತೆ ಇಟ್ಟುಕೊಂಡರು. ಗ್ರೀಕ್ ಸಭೆಯ ಬಿಷಪರದು ಗುಂಡಾಗಿರುವದು. ಅದರ ಚರಿತ್ರೆ ಬೇರೆ.

ರೂಪವಾದ ಮೇಲೆ ಅರ್ಥ ಹುಟ್ಟಿತು. ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿನ ಮಾಂದ್ ಎಂಬ ಊರಿನ ಬಿಷಪನಾದ ದುರಾಂದನು, ಎರಡು ಕೊಂಬುಗಳು ಹಳೆಯ ಹೊಸ ಒಡಂಬಡಿಕೆಗಳೆಂದೂ, ಹಿಂದೆ ಇಳಿಬಿದ್ದ ಎರಡು ಪಟ್ಟಿಗಳು ವೇದದ ಅಕ್ಷರವೂ ಆತ್ಮವೂ ಎಂದೂ ಬರೆದನು. ಕಲಿಸುವದಕ್ಕೆ ಇದು ಅಂದವಾದ ಮಾತೇ. ಆದರೆ ಟೊಪ್ಪಿಗೆ ಹೊಲಿದವನು ಇದನ್ನು ಯೋಚಿಸಿ ಹೊಲಿಯಲಿಲ್ಲ. ದೇವರ ಆಜ್ಞೆಯಂತೂ ಅಲ್ಲ. ಆದಕಾರಣವೇ ಮತಸುಧಾರಣೆಯ ಕಾಲದಲ್ಲಿ ಇಂಗ್ಲೆಂಡಿನ ಬಿಷಪರು ಅದನ್ನು ಬಿಟ್ಟರೂ ಅವರ ಉದ್ಯೋಗಕ್ಕೆ ಕೊರತೆಯಾಗಲಿಲ್ಲ. ಅವರ ಲಾಂಛನಗಳಲ್ಲಿ ಅದು ಉಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವರು ತಿರಿಗಿ ಧರಿಸಲಾರಂಭಿಸಿದರು.

ಇನ್ನೊಂದು ಸಂಗತಿಯನ್ನು ನೋಡಿರಿ. ಮೆರವಣಿಗೆಯಲ್ಲಿಯೂ ಜನರನ್ನು ಆಶೀರ್ವದಿಸುವಾಗಲೂ ಬಿಷಪನು ಮೈಟರನ್ನು ಧರಿಸುವನು. ದೇವರನ್ನು ಪ್ರಾರ್ಥಿಸುವಾಗಲೋ, ಪೌಲನು ಕೊರಿಂಥದವರಿಗೆ ಗಂಡಸರ ತಲೆಯ ವಿಷಯದಲ್ಲಿ ಬರೆದ ಪ್ರಕಾರ, ಅದನ್ನು ತೆಗೆಯುವನು. ಹತ್ತಿರ ನಿಂತ ಸೇವಕನು ಬರಿಗೈಯಿಂದ ಮುಟ್ಟದೆ, ತನ್ನ ಹೆಗಲ ವಸ್ತ್ರದ ಅಂಚಿನಿಂದ ಅದನ್ನು ಹಿಡಿದು, ಪ್ರಾರ್ಥನೆ ಮುಗಿಯುವ ತನಕ ಕಾದಿರುವನು.