ದರಗು ತರುವವರನ್ನು ಕೇಳಿದಿರಾ?

ಮಾಸ್ತಿಕಟ್ಟೆ ಎಂದರೆ ಹೊರಗಿನವರಿಗೆ ವಾರಾಹಿ ವಿದ್ಯುತ್ ಯೋಜನೆ, ವಿದ್ಯುತ್ ನಿಗಮದ (ಕೆಪಿಸಿ) ಕಾಲೊನಿ, ಹುಲಿಕಲ್ ಘಾಟಿಯ ಮಳೆ. ಅಭಿವೃದ್ಧಿ ಅಧ್ಯಯನ ಮಾಡುವವರಿಗೆ ಹೊಸನಗರ, ಸಾಗರ, ತೀರ್ಥಹಳ್ಳಿಯ ಈ ಸೀಮೆಯಲ್ಲಿ ವಿಷಯಕ್ಕೇನೂ ಬರವಿಲ್ಲ: ಮುಳುಗಡೆ, ಅಡಿಕೆ, ಕಾಡು, ಮಂಗನ ಕಾಯಿಲೆ. ವಿದೇಶಿ ಅನುದಾನ ಕೇಳುವ ಅರ್ಜಿಗಳಲ್ಲಿ ‘ಲಿಂಗ ದೃಷ್ಟಿಕೋನ’ದ ಕಾಲಮ್ಮು ಈಗ ಸಾಮಾನ್ಯ. ಕಚೇರಿಯಲ್ಲಿ ಕೂತು ಅದನ್ನು ತುಂಬುವುದು ಸುಲಭ, ಊರಿನಲ್ಲಿ ನಡೆಸುವುದು ಕಷ್ಟ. ಪ್ರಶ್ನಾವಳಿ ಹಿಡಿದು ಈ ಭಾಗದ ಮನೆಗಳ ಮೆಟ್ಟಿಲು ಹತ್ತಿದ ನನಗೆ ದಕ್ಕಿದ ಪಾಠಗಳು ಇವು.

1. ಉದ್ಯೋಗ ಕೇಳಬೇಡಿ, ನಿನ್ನೆಯ ದಿನ ಕೇಳಿ

“ಏನು ಕೆಲಸ ಮಾಡ್ತೀರಿ, ಅಮ್ಮ?” ಎಂದರೆ “ಏನಿಲ್ಲ, ಮನೇಲೇ ಇರ್ತೀನಿ” ಎಂಬ ಉತ್ತರ ಸಿದ್ಧವಾಗಿರುತ್ತದೆ. “ನಿನ್ನೆ ಎದ್ದ ಮೇಲೆ ಏನೇನು ಮಾಡಿದ್ರಿ?” ಎಂದು ಕೇಳಿದರೆ ಕೊಟ್ಟಿಗೆ, ಹಾಲು, ಬಚ್ಚಲೊಲೆಯ ಬೆಂಕಿ, ತಿಂಡಿ, ತೋಟದಲ್ಲಿ ಹೆಕ್ಕಿದ ಉದುರು ಅಡಿಕೆ ಎಲ್ಲ ಒಂದೊಂದಾಗಿ ಹೊರಬರುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯೂ ಹೀಗೆಯೇ ಹಿಂದಿನ ದಿನವನ್ನು ಕೇಳಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅದನ್ನು ಮಾಡುವ ಗಂಡಸರು 97 ನಿಮಿಷ. ಮನೆಬಳಕೆಗೆಂದು ಸಾಕಿದ ಹಸುವಿನ ಕೆಲಸಕ್ಕೆ ಆ ಸಮೀಕ್ಷೆಯಲ್ಲಿ ಬೇರೆಯೇ ವರ್ಗವಿದೆ. ಮಲೆನಾಡಿನ ಮನೆಯ ಲೆಕ್ಕ ಬೇಕೆಂದರೆ ಎರಡನ್ನೂ ಕೂಡಿಸಿ ನೋಡಬೇಕು.

2. ಸಮೀಕ್ಷೆಯ ದಿನವನ್ನು ಊರಿನ ಕೆಲಸ ನೋಡಿ ಗೊತ್ತುಮಾಡಿ

ಜುಲೈಯಲ್ಲಿ ಹೋದರೆ ಹೆಂಗಸರು ಗದ್ದೆ ನೆಟ್ಟಿಯಲ್ಲಿರುತ್ತಾರೆ, ಜಗಲಿಯಲ್ಲಿ ಸಿಗುವುದು ಯಜಮಾನರು. ಬೆಳಿಗ್ಗೆ ಹತ್ತು ಗಂಟೆಯ ಗುಂಪುಚರ್ಚೆಗೆ ಬರುವವರು ಕೂಲಿಗೆ ಹೋಗಬೇಕಿಲ್ಲದವರು. ಫೋನಿನಲ್ಲೇ ಮುಗಿಸೋಣ ಎಂದರೆ ಘಟ್ಟದ ಅಂಚಿನಲ್ಲಿ ಸಿಗ್ನಲ್ಲು ಸಿಗುವುದೇ ಕಷ್ಟ. ಸಿಕ್ಕರೂ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲು ಇದ್ದದ್ದು ದೇಶದ ಸುಮಾರು ಶೇಕಡಾ 54ರಷ್ಟು ಮಹಿಳೆಯರಿಗೆ. ಮಾತಿಗೆ ಒಳ್ಳೆಯ ಹೊತ್ತು ಕೊನೆಕೊಯ್ಲಿನ ಕಾಲದ ರಾತ್ರಿ. ಕೈಯಲ್ಲೇ ಅಡಿಕೆ ಸುಲಿಯುವ ಮನೆಗಳಲ್ಲಿ ಸುಲಿಯುವವರ ಕೈಗೆ ಕೆಲಸ, ಬಾಯಿಗೆ ಬಿಡುವು. ನಾವೂ ಒಂದು ಮೆಟ್ಟುಗತ್ತಿಯ ಮುಂದೆ ಕೂತರೆ ಪ್ರಶ್ನಾವಳಿಯ ಅರ್ಧ ತಾನಾಗಿ ತುಂಬುತ್ತದೆ.

3. ಯಂತ್ರ ಬಂದರೆ ಯಾರ ನಿದ್ದೆ ಉಳಿಯಿತು, ಯಾರ ಕೂಲಿ ಹೋಯಿತು ನೋಡಿ

ಅಡಿಕೆ ಸುಲಿಯುವ ಯಂತ್ರ ಬಂದ ಮೇಲೆ ತೋಟದ ಮನೆಯ ಹೆಂಗಸರಿಗೆ ನಿಜಕ್ಕೂ ಉಸಿರು ಬಂತು. ರಾತ್ರಿಯ ಸುಲಿತ, ಸುಲಿಯಲು ಬಂದವರಿಗೆ ಕಾಫಿ, ಊಟ ಎಲ್ಲ ಕಡಿಮೆಯಾಯಿತು. ಅದೇ ಯಂತ್ರ ಪಕ್ಕದ ಕೇರಿಯ ಕೂಲಿ ಹೆಂಗಸಿನ ನಾಲ್ಕು ಕಾಸಿನ ಸಂಪಾದನೆಯನ್ನು ತಿಂದಿತು. ಹಗಲು ಗದ್ದೆ-ತೋಟ, ರಾತ್ರಿ ಸುಲಿತ ಎಂದು ಅವಳು ಎರಡು ದುಡಿಮೆ ಮಾಡುತ್ತಿದ್ದಳು. ಯಂತ್ರ ನಡೆಸುವ ಕೂಲಿ ಅವಳಿಗೆ ಸಿಗಲಿಲ್ಲ, ಅದಕ್ಕೆ ಹುಡುಗರು ಬಂದರು. ‘ಮಹಿಳೆಯರ ಮೇಲಿನ ಪರಿಣಾಮ’ ಎಂದು ಒಂದೇ ಸಾಲು ಬರೆದರೆ ಇಬ್ಬರಲ್ಲಿ ಒಬ್ಬಳ ಕತೆ ಸುಳ್ಳಾಗುತ್ತದೆ. ಜಾತಿ, ಜಮೀನು, ಕೂಲಿ ಮೂರನ್ನೂ ಕೇಳದೆ ಹೆಂಗಸರ ಅಂಕಿ ಬರೆಯಬೇಡಿ.

4. ಪಹಣಿಯಲ್ಲಿ ಯಾರ ಹೆಸರಿದೆ, ಯಾರದಿಲ್ಲ?

ಗೇಣಿದಾರರ ಹೋರಾಟವಾದ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿ ಯಾರ ಹೆಸರಿನಲ್ಲಿತ್ತೋ ಅವರಿಗೆ ಹಕ್ಕು ಬಂತು. ಆ ಹೆಸರು ಹೆಚ್ಚಾಗಿ ಮನೆಯ ಗಂಡಸಿನದು. ನೆಟ್ಟವಳು, ಕಳೆ ಕಿತ್ತವಳು ಕಾಗದದಲ್ಲಿ ಇಲ್ಲ. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತದ್ದು 1964ರಲ್ಲಿ, ಆಮೇಲೆ ವಾರಾಹಿಗೆ ಮಾಣಿ ಅಣೆಕಟ್ಟು. ಮುಳುಗಡೆಯ ಪರಿಹಾರ ಕಾಗದ ಹಿಡಿದು ಬರುತ್ತದೆ. ಸೊಪ್ಪು ತರುತ್ತಿದ್ದ ಕಾನು, ಬಟ್ಟೆ ಒಗೆಯುತ್ತಿದ್ದ ಹಳ್ಳ, ತವರಿಗೆ ಕಾಲ್ನಡಿಗೆಯ ದಾರಿ ಇವಕ್ಕೆಲ್ಲ ಸರ್ವೆ ನಂಬರು ಇರಲಿಲ್ಲ. ಪುನರ್ವಸತಿಯ ಅಧ್ಯಯನದಲ್ಲಿ ಇವನ್ನು ಹೆಂಗಸರಿಂದಲೇ ಕೇಳಿ ಬರೆದುಕೊಳ್ಳಬೇಕು.

ಕಾನೂನಿದೆ ಎಂದು ಸುಮ್ಮನಾಗುವಂತೆಯೂ ಇಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿತು. ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು, 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಈಗ ಕೇಳಬೇಕಾದ್ದು ಬೇರೆ: ಅಣ್ಣನ ಮನೆಗೆ ಹೋಗಿ ಬರುವ ದಾರಿ ಉಳಿಯಲೆಂದು ಎಷ್ಟು ಜನ ತಂಗಿಯರು ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದ್ದಾರೆ? ಈ ಪ್ರಶ್ನೆಯನ್ನು ಅಣ್ಣನೆದುರು ಕೇಳಬಾರದು.

5. ಕಾಯಿಲೆಯ ಲೆಕ್ಕದಲ್ಲಿ ಕೆಲಸವನ್ನೂ ಬರೆಯಿರಿ

ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿದ್ದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಮಂಗ, ಉಣುಗು, ಮನುಷ್ಯ ಎಲ್ಲವನ್ನೂ ಪರೀಕ್ಷಿಸಿದರು. ಉಣುಗು ಕಚ್ಚಿ ಹರಡುವ ಈ ಕಾಯಿಲೆ ಏರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಕೊಟ್ಟಿಗೆಗೆ ಹಾಸಲು ಕಾಡಿನಲ್ಲಿ ದರಗು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ಹೆಡಿಗೆ ಹೊರುವ ಕಾಲವೂ ಅದೇ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಸಾವುಗಳಾದಾಗ ಇಡೀ ರಾಜ್ಯ ಇತ್ತ ನೋಡಿತು.

ರೋಗಿಗಳ ಪಟ್ಟಿಯಲ್ಲಿ ‘ಗಂಡು–ಹೆಣ್ಣು’ ಕಾಲಮ್ಮು ಇದ್ದೇ ಇರುತ್ತದೆ. ಅಷ್ಟೇ ಇದ್ದರೆ ಏನೂ ತಿಳಿಯುವುದಿಲ್ಲ. ಯಾರು ದರಗು ತಂದರು, ಯಾರು ಕಟ್ಟಿಗೆಗೆ ಹೋದರು, ಯಾರು ದನ ಹೊಡೆದುಕೊಂಡು ಹೋದರು, ತಂದ ದರಗನ್ನು ಕೊಟ್ಟಿಗೆಯಲ್ಲಿ ಹರಡಿದವರು ಯಾರು ಎಂದು ಕೇಳಬೇಕು. ಕಾಡಿಗೆ ಹೋಗುವ ಮುಂಚೆ ಹಚ್ಚಿಕೊಳ್ಳುವ, ಉಣುಗು ದೂರವಿಡುವ ಎಣ್ಣೆ ಮನೆಗೆ ಬಂದಿದ್ದರೆ ಬಾಟಲಿ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಬೇಕು.

6. ಸಂಘದ ಸಭೆಯೇ ಊರಲ್ಲ

ಹೆಂಗಸರನ್ನು ಸೇರಿಸಲು ಸುಲಭದ ದಾರಿ ಸ್ವಸಹಾಯ ಸಂಘದ ವಾರದ ಸಭೆ. ಕಂತು ಕಟ್ಟಲಾಗದೆ ಸಂಘ ಬಿಟ್ಟವಳು ಅಲ್ಲಿ ಸಿಗುವುದಿಲ್ಲ. ಅವಳ ಮನೆಗೇ ಹೋಗಬೇಕು. ಗ್ರಾಮಸಭೆ, ಅರಣ್ಯ ಸಮಿತಿಗಳಲ್ಲಿ ತಲೆ ಎಣಿಸಿದರೂ ಸಾಲದು. ಸಮಿತಿಯಲ್ಲಿ ಮಹಿಳೆಯರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟಾದರೂ ಇದ್ದಾಗ ಅವರ ಮಾತು ನಡೆಯುವ ಸಂಭವ ಹೆಚ್ಚು ಎಂದು ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ ಸಮುದಾಯ ಅರಣ್ಯಗಳ ಅಧ್ಯಯನದಲ್ಲಿ ತೋರಿಸಿದ್ದಾರೆ. ನಡಾವಳಿ ಪುಸ್ತಕ ತೆಗೆದು ಹೆಂಗಸರು ಎತ್ತಿದ ವಿಷಯ ಅದರಲ್ಲಿ ದಾಖಲಾಗಿದೆಯೇ ನೋಡಿ.

7. ಗಂಡಸರನ್ನೂ ಕೂರಿಸಿ ಮಾತಾಡಿಸಿ

ತೋಟ ಇದೆ, ಮನೆ ಇದೆ, ಮದುವೆಗೆ ಹೆಣ್ಣು ಸಿಗುತ್ತಿಲ್ಲ ಎನ್ನುವ ಹುಡುಗರು ಈ ಸೀಮೆಯ ಊರೂರಲ್ಲಿದ್ದಾರೆ. ಹೆಣ್ಣುಮಕ್ಕಳು ಬೆಂಗಳೂರು ಬಯಸುವುದಕ್ಕೂ, ತಾಯಂದಿರ ಕೊಟ್ಟಿಗೆ–ಒಲೆಯ ದಿನಚರಿಗೂ ಇರುವ ಸಂಬಂಧ ಆ ಹುಡುಗರಿಗೇ ಗೊತ್ತು. ಅವರನ್ನು ಬಿಟ್ಟರೆ ಕೃಷಿಯ ಅಧ್ಯಯನವೂ ಅರ್ಧವೇ.

8. ಕೊನೆಯ ಅಧ್ಯಾಯಕ್ಕೆ ತಳ್ಳಬೇಡಿ

ಅಭಿವೃದ್ಧಿಯ ಲೆಕ್ಕದಲ್ಲಿ ಹೆಂಗಸರ ಬೇಸಾಯ ಕಾಣುತ್ತಿಲ್ಲ ಎಂದು ಎಸ್ತರ್ ಬೊಸೆರಪ್ ಪುಸ್ತಕ ಬರೆದದ್ದು 1970ರಲ್ಲಿ. ಈಗಲೂ ವರದಿಯ ಕೊನೆಯಲ್ಲಿ ‘ಮಹಿಳೆಯರು’ ಎಂಬ ಅಧ್ಯಾಯ ಅಂಟಿಸುವುದು ನಿಂತಿಲ್ಲ. ಪ್ರಶ್ನಾವಳಿ ಅಚ್ಚಾಗುವ ಮುಂಚೆಯೇ ಪ್ರತಿ ಪ್ರಶ್ನೆಯ ಎದುರು ಬರೆದಿಡಿ: ಇದಕ್ಕೆ ಉತ್ತರ ಯಾರಿಗೆ ಗೊತ್ತು, ಅವರಿಗೆ ಬಿಡುವು ಯಾವಾಗ, ಅವರು ಯಾರೆದುರು ಬಾಯಿ ಬಿಡುವುದಿಲ್ಲ. ಸಂದರ್ಶಕಿಯರ ಸಂಬಳ, ಸಂಜೆಯ ನಂತರ ಅವರು ಮರಳಲು ಜೀಪು, ಮಾತಿಗೆ ಕೂತ ಕೂಲಿಯವರಿಗೆ ಆ ಹೊತ್ತಿನ ಕೂಲಿ ಇವು ಬಜೆಟ್ಟಿನಲ್ಲಿ ಇಲ್ಲವೆಂದರೆ ಅರ್ಜಿಯ ಆ ಕಾಲಮ್ಮು ಬರೀ ಮಾತು.