ಮೊಟ್ಟೆಯ ಬಣ್ಣವೂ ಹಿತ್ತಲ ಕೋಳಿಯ ವಂಶವೂ

ಗುಬ್ಬಿಯ ಸಂತೆಗೆ ಬರುವ ಹಿತ್ತಲ ಕೋಳಿಯ ಮೊಟ್ಟೆಗಳ ಬುಟ್ಟಿಯೊಂದನ್ನು ಪರೀಕ್ಷಿಸಿ ನೋಡಿದರೆ, ಅವುಗಳಲ್ಲಿ ಕೆಲವು ಬೆಳ್ಳಗೂ, ಕೆಲವು ಕೆನೆಯ ಬಣ್ಣವಾಗಿಯೂ, ಮತ್ತೆ ಕೆಲವು ಕಂದಾಗಿಯೂ ಇರುವುದು ಕಂಡುಬರುತ್ತದೆ. ತುಮಕೂರು ನಗರದಲ್ಲಿ ಕೊಳ್ಳುವವರು ಬಣ್ಣ ಗಾಢವಾದಷ್ಟೂ ಮೊಟ್ಟೆಯು ನಾಟಿಯೆಂದೂ ಪುಷ್ಟಿಕರವೆಂದೂ ಭಾವಿಸಿ, ಅದಕ್ಕೆ ಹೆಚ್ಚಿನ ಬೆಲೆಯನ್ನು ಕೊಡುವುದುಂಟು. ಈ ಭಾವನೆಯು ಸರಿಯಾದುದಲ್ಲ. ಮೊಟ್ಟೆಯ ಸತ್ತ್ವವು ಕೋಳಿಯು ತಿಂದ ಆಹಾರವನ್ನೂ ಅದರ ಆರೋಗ್ಯವನ್ನೂ ಅವಲಂಬಿಸಿರುವುದೇ ಹೊರತು ಚಿಪ್ಪಿನ ಬಣ್ಣವನ್ನಲ್ಲ. ಚಿಪ್ಪಿನ ಬಣ್ಣವು ಹೇಳುವುದು ಮುಖ್ಯವಾಗಿ ಒಂದೇ ಸಂಗತಿಯನ್ನು. ಅದೆಂದರೆ ಹೇಂಟೆಯ ವಂಶವನ್ನು.

ಬಣ್ಣವು ಬರುವ ಬಗೆ

ಹೇಂಟೆಯ ಹೊಟ್ಟೆಯಲ್ಲಿ ಮೊಟ್ಟೆಗೆ ಚಿಪ್ಪು ಕಟ್ಟುವುದಕ್ಕೆ ಸುಮಾರು 20 ಗಂಟೆಗಳ ಕಾಲ ಬೇಕು. ಸುಣ್ಣದ ಅಂಶದಿಂದಾದ ಈ ಚಿಪ್ಪು ಸ್ವಭಾವತಃ ಬಿಳುಪು. ಕಂದು ಮೊಟ್ಟೆಯಿಡುವ ಜಾತಿಗಳಲ್ಲಿ ಪ್ರೋಟೋಪೋರ್ಫಿರಿನ್ ಎಂಬ ವರ್ಣದ್ರವ್ಯವು ಬಹುಮಟ್ಟಿಗೆ ಕಡೆಯ ಕೆಲವು ಗಂಟೆಗಳಲ್ಲಿ ಚಿಪ್ಪಿನ ಹೊರಮೈಗೆ ಹತ್ತುತ್ತದೆ. ಆದುದರಿಂದಲೇ ಕಂದು ಮೊಟ್ಟೆಯನ್ನು ಒಡೆದರೆ ಒಳಮೈ ಬೆಳ್ಳಗಿರುವುದು. ನೀಲಿ ಮೊಟ್ಟೆಯಲ್ಲಾದರೋ ಬಿಲಿವರ್ಡಿನ್ ಎಂಬ ದ್ರವ್ಯವು ಚಿಪ್ಪಿನ ಒಳಗೂ ಹೊರಗೂ ವ್ಯಾಪಿಸಿರುತ್ತದೆ. ನೀಲಿಯ ಮೇಲೆ ಕಂದು ಹತ್ತಿದರೆ ಮೊಟ್ಟೆಯು ಹಸುರಾಗಿ ಕಾಣುವುದು.

2025ರಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಗ್ರಾಮವೊಂದರಲ್ಲಿ ಹೇಂಟೆಯೊಂದು ನೀಲಿ ಛಾಯೆಯ ಮೊಟ್ಟೆಯಿಟ್ಟ ವಾರ್ತೆಯು ಜನರಲ್ಲಿ ಬಹಳ ಕುತೂಹಲವನ್ನುಂಟುಮಾಡಿತು. ಇಂತಹ ಮೊಟ್ಟೆಯನ್ನು ಶಕುನವೆಂದು ಹೆದರಬೇಕಾದುದಿಲ್ಲ. ಒಂದೇ ಮೊಟ್ಟೆಯಿಂದ ವಂಶವನ್ನು ನಿರ್ಣಯಿಸಲೂ ಬಾರದು. ಹೇಂಟೆಯು ಇಟ್ಟ ಮೊಟ್ಟೆಗಳೆಲ್ಲವೂ ನೀಲಿಯಾಗಿದ್ದರೆ ಮಾತ್ರ ಅದು ವಂಶದಿಂದ ಬಂದ ಗುಣವೆಂದು ತಿಳಿಯತಕ್ಕದ್ದು. ಈ ಗುಣವು ದಕ್ಷಿಣ ಅಮೆರಿಕದ ಚಿಲಿ ದೇಶದ ಅರೌಕಾನಾ ಕೋಳಿಗಳಲ್ಲಿಯೂ ಚೀನಾ ದೇಶದ ಕೆಲವು ಜಾತಿಗಳಲ್ಲಿಯೂ ಉಂಟು. ಹಿಂದೆಂದೋ ಒಂದು ಬಗೆಯ ವೈರಾಣುವಿನ ಅಂಶವು ಕೋಳಿಯ ವಂಶವಾಹಿಯಲ್ಲಿ ಸೇರಿಕೊಂಡುದೇ ಇದಕ್ಕೆ ಕಾರಣವೆಂದೂ, ಎರಡು ದೇಶಗಳಲ್ಲಿ ಇದು ಬೇರೆಬೇರೆಯಾಗಿ ನಡೆಯಿತೆಂದೂ 2013ರ ಸಂಶೋಧನೆಗಳಿಂದ ತಿಳಿದುಬಂದಿದೆ.

ಹಿತ್ತಲ ಕೋಳಿಯ ಮಿಶ್ರವಂಶ

ನಮ್ಮ ನಾಟಿಕೋಳಿಯೂ ಶುದ್ಧವಂಶದ್ದಲ್ಲ. ಸಾಕುಕೋಳಿಗಳ ಮೂಲವು ಕೆಂಪು ಕಾಡುಕೋಳಿ. ಆದರೆ ಹಳದಿ ಕಾಲುಗಳ ಗುಣವು ದಕ್ಷಿಣ ಭಾರತದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ಗೊತ್ತಾಯಿತು. ಅನಂತರ ಬಿಳಿಮೊಟ್ಟೆಯ ಲೆಗಾರ್ನ್ ಇಟಲಿ ಮೂಲದಿಂದಲೂ, ಕಂದುಮೊಟ್ಟೆಯ ರೋಡ್ ಐಲೆಂಡ್ ರೆಡ್ ಅಮೆರಿಕದಿಂದಲೂ ಬಂದು ಹಳ್ಳಿಯ ಕೋಳಿಗಳೊಡನೆ ಬೆರೆತವು. 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಹೆಬ್ಬಾಳದಲ್ಲಿ ಸಿದ್ಧಪಡಿಸಿದ ಗಿರಿರಾಜ ತಳಿಯೂ, ತರುವಾಯ ಸ್ವರ್ಣಧಾರಾ ತಳಿಯೂ ಹಿತ್ತಲುಗಳನ್ನು ಸೇರಿದವು.

ಗಿರಿರಾಜದ ಮೊಟ್ಟೆಯು ಕಂದು. ಹಳೆಯ ನಾಟಿ ಹೇಂಟೆಯ ಮೊಟ್ಟೆಯಾದರೋ ಸಾಮಾನ್ಯವಾಗಿ ಕೆನೆಬಣ್ಣದ್ದು. ಹೀಗಿರುವಲ್ಲಿ ನಗರದವರು ಗಾಢವರ್ಣವನ್ನು ನಾಟಿಯ ಗುರುತೆಂದು ನಂಬುವುದು ಎಷ್ಟು ವಿಪರೀತವೆಂಬುದು ಸ್ಪಷ್ಟವಾಗಿದೆ.

ಹುಂಜದ ಪ್ರಾಮುಖ್ಯ

ಹುಂಜವು ಮೊಟ್ಟೆಯಿಡುವುದಿಲ್ಲವಾದ್ದರಿಂದ ಅದರ ವಂಶದ ಈ ಗುಣವು ಕಣ್ಣಿಗೆ ಕಾಣದು. ಆದರೂ ಮರಿಯ ವಂಶದಲ್ಲಿ ಅರ್ಧ ಭಾಗವು ಹುಂಜದ್ದೇ. ನೀಲಿಯ ಗುಣವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ಹುಂಜದ ಹೆಣ್ಣುಮರಿಗಳೆಲ್ಲವೂ ನೀಲಿ ಅಥವಾ ಹಸುರು ಮೊಟ್ಟೆಯಿಡುವುವು. ಒಬ್ಬರಿಂದ ಮಾತ್ರ ಪಡೆದಿದ್ದರೆ ಸುಮಾರು ಅರ್ಧದಷ್ಟು. ಕಂದು ಬಣ್ಣವು ಅನೇಕ ವಂಶವಾಹಿಗಳಿಂದ ಬರುವ ಕಾರಣ, ಬಿಳಿಮೊಟ್ಟೆಯ ಜಾತಿಯೊಡನೆ ಬೆರೆತರೆ ಮಧ್ಯದ ಛಾಯೆಗೆ ಇಳಿಯುವುದು. ಕಿವಿಯ ಹಾಲೆ ಬೆಳ್ಳಗಿದ್ದರೆ ಬಿಳಿಮೊಟ್ಟೆಯೆಂಬ ಲಕ್ಷಣವನ್ನು ಮಿಶ್ರವಂಶದ ಕೋಳಿಗಳಲ್ಲಿ ನಂಬಲಾಗದು.

ಬಣ್ಣವು ಹೇಗಾದರೂ ಇರಲಿ. ಅದರೊಡನೆ ಬರುವ ಬೇರೆ ಗುಣಗಳಲ್ಲಿಯೇ ಲಾಭನಷ್ಟಗಳು ಅಡಗಿರುವುವು. ಸುಧಾರಿತ ಹೇಂಟೆಯು ನಾಟಿಗಿಂತ ಎರಡರಷ್ಟಕ್ಕೂ ಹೆಚ್ಚು ಮೊಟ್ಟೆಗಳನ್ನು ಕೊಡಬಲ್ಲದು, ಆದರೆ ಕಾವಿಗೆ ಕೂರುವುದು ಅಪರೂಪ. ನಾಟಿಯು ವರ್ಷಕ್ಕೆ ಸುಮಾರು 50–60 ಮೊಟ್ಟೆಗಳನ್ನು ಮಾತ್ರ ಇಟ್ಟರೂ, 21 ದಿನ ಕಾವು ಕೊಟ್ಟು ಮರಿಮಾಡಿ, ಹದ್ದುಗಳಿಂದ ಮರಿಗಳನ್ನು ಕಾಯುವುದು. ಊರಿನ ಹುಂಜಗಳೆಲ್ಲ ಸುಧಾರಿತ ತಳಿಯವೇ ಆದರೆ, ಕೆಲವು ತಲೆಗಳಲ್ಲಿ ಕಾವಿಗೆ ಕೂರುವ ಹೇಂಟೆಗಳು ವಿರಳವಾಗುವುವು. ಆಗ ಪ್ರತಿಸಲವೂ ಹಣಕೊಟ್ಟು ಮರಿ ತರಬೇಕಾಗುವುದು. ಹಿತ್ತಲ ಕೋಳಿಯಿಂದ ಬರುವ ನಾಲ್ಕು ಕಾಸನ್ನೇ ನೆಚ್ಚಿದ ಮನೆಯ ಹೆಂಗಸರಿಗೆ ಇದು ಸಣ್ಣ ನಷ್ಟವಲ್ಲ.

ಅನುಸರಿಸತಕ್ಕ ಕ್ರಮ

ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆಗಳಿಗೆ ಹೆಸರಾದ ಕುಣಿಗಲ್ಲಿನವರಿಗೆ ವಂಶದ ಬೆಲೆಯನ್ನು ಹೇಳಿಕೊಡಬೇಕಾದುದಿಲ್ಲ. ಕುದುರೆಗೆ ತಂದೆತಾಯಿಗಳ ಲೆಕ್ಕವಿಡುವಂತೆ ಕೋಳಿಗೂ ಒಂದು ಚಿಕ್ಕ ಪುಸ್ತಕವಿದ್ದರೆ ಸಾಕು. ಹೇಂಟೆಗಳ ಕಾಲಿಗೆ ಬೇರೆಬೇರೆ ಬಣ್ಣದ ಬಳೆ ಹಾಕಿ, ಪ್ರತಿಯೊಂದರ ಮೊಟ್ಟೆಯ ಬಣ್ಣ, ಸಂಖ್ಯೆ, ಕಾವಿಗೆ ಕೂತ ದಿನ, ಬದುಕಿದ ಮರಿಗಳು, ಇವನ್ನು ಬರೆದಿಡಬೇಕು. ಸುಮಾರು 10 ಹೇಂಟೆಗಳಿಗೆ ಒಂದು ಹುಂಜ ಸಾಕು. ಅದನ್ನು ಗರಿಯ ಚೆಲುವು ನೋಡಿ ಆರಿಸದೆ, ಅದರ ತಾಯಿಯ ಲೆಕ್ಕವನ್ನು ನೋಡಿ ಆರಿಸಬೇಕು. ಸುಧಾರಿತ ಕೋಳಿಗಳನ್ನು ಮೊಟ್ಟೆಗಾಗಿ ಬೇರೆಯಾಗಿ ಸಾಕಿ, ಅವುಗಳ ಹುಂಜಗಳನ್ನು ನಾಟಿ ಹೇಂಟೆಗಳೊಡನೆ ಬಿಡದಿರುವುದು ಲೇಸು.

ಗ್ರಾಮದ ಮುಖಂಡರೂ ಭೂಮಾಲೀಕರೂ ತಂತಮ್ಮ ಊರುಗಳಲ್ಲಿ ಮೂರು ನಾಲ್ಕು ಮನೆಗಳಲ್ಲಾದರೂ ಕಾವಿಗೆ ಕೂರುವ ಒಳ್ಳೆಯ ನಾಟಿ ಹೇಂಟೆಗಳನ್ನೂ ಅವಕ್ಕೆ ತಕ್ಕ ನಾಟಿ ಹುಂಜವನ್ನೂ ಉಳಿಸುವಂತೆ ಏರ್ಪಡಿಸಿದರೆ, ಆ ವಂಶವು ಊರಿಗೆಲ್ಲ ಬಿತ್ತನೆಯ ಬೀಜದಂತೆ ಒದಗುವುದು.