ಬೊಂಬೆ ಹಕ್ಕಿ ನಿಲ್ಲಿಸಿ ಕಾಗೆ, ಪಾರಿವಾಳ ಹೊಡೆಯಬಹುದೇ?

ಪ್ರಶ್ನೆ: ಮೆಕ್ಕೆಜೋಳ ಬಿತ್ತಿದ ವಾರದೊಳಗೆ ಕಾಗೆಗಳು ಮೊಳಕೆ ಕಿತ್ತು ಹಾಕುತ್ತವೆ, ಪಾರಿವಾಳಗಳು ಕಾಳು ಹೆಕ್ಕುತ್ತವೆ. ಹೊರದೇಶದಲ್ಲಿ ಪ್ಲಾಸ್ಟಿಕ್ ಹಕ್ಕಿಗಳನ್ನು ಹೊಲದಲ್ಲಿ ನಿಲ್ಲಿಸಿ, ನಿಜವಾದ ಹಕ್ಕಿಗಳನ್ನು ಹತ್ತಿರ ಬರಿಸಿ ಹೊಡೆಯುವ ವಿಡಿಯೊ ನೋಡಿದೆ. ಬೊಂಬೆ ಕಂಡರೆ ಹಕ್ಕಿ ಹೆದರಬೇಕಲ್ಲವೇ? ನಾವೂ ಹೀಗೆ ಮಾಡಬಹುದೇ?
– ರೈತರೊಬ್ಬರು, ಸೊರಬ ತಾಲ್ಲೂಕು

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಶಿಕಾರಿಪುರ, ಸೊರಬದ ಕಡೆ ಮುಂಗಾರಿನಲ್ಲಿ ಮೆಕ್ಕೆಜೋಳ ಬಿತ್ತುವವರಿಗೆಲ್ಲ ಈ ಕಾಟ ಗೊತ್ತು. ನಿಮ್ಮ ಪತ್ರದಲ್ಲಿ ಎರಡು ಸಂಶಯಗಳಿವೆ: ಬೊಂಬೆ ಹಕ್ಕಿ ಕೆಲಸ ಮಾಡುವುದು ಹೇಗೆ, ನಾವು ಅದನ್ನು ಬಳಸಬಹುದೇ. ಒಂದೊಂದಾಗಿ ನೋಡೋಣ.

ಮೊದಲು, ಹಕ್ಕಿ ಯಾಕೆ ಬರುತ್ತದೆ? ಪಾರಿವಾಳ ಗುಂಪಿನಲ್ಲಿ ಮೇಯುವ ಹಕ್ಕಿ. ಮೇಲೆ ಹಾರುವಾಗ ಕೆಳಗೆ ನಾಲ್ಕು ಹಕ್ಕಿ ನಿರಾತಂಕವಾಗಿ ಮೇಯುವುದು ಕಂಡರೆ, ಅಲ್ಲಿ ಕಾಳೂ ಇದೆ, ಅಪಾಯವೂ ಇಲ್ಲ ಎಂದು ಅದಕ್ಕೆ ಧೈರ್ಯ ಬರುತ್ತದೆ. ಬೇಟೆಗಾರ ಬಳಸಿಕೊಳ್ಳುವುದು ಇದನ್ನೇ. ಹಕ್ಕಿ ಗಾಳಿಗೆ ಎದುರಾಗಿ ಇಳಿಯುವುದರಿಂದ ಬೊಂಬೆಗಳನ್ನು ಹೆಚ್ಚುಕಡಿಮೆ ಗಾಳಿಗೆ ಮುಖ ಮಾಡಿಸಿ ನಿಲ್ಲಿಸುತ್ತಾರೆ. ನಡುವೆ ಇಳಿಯಲು ಜಾಗ ಬಿಟ್ಟು, ತಾವು ಬಲೆಯ ಮರೆಯಲ್ಲಿ ಕೂರುತ್ತಾರೆ. ಕಾಗೆಗೆ ಮೇವಿನ ಆಸೆಯ ಜೊತೆಗೆ ಸಿಟ್ಟನ್ನೂ ಬಳಸುವುದುಂಟು. ಹಗಲಲ್ಲಿ ಗೂಬೆ ಕಂಡರೆ ಕಾಗೆಗಳೆಲ್ಲ ಕೂಗಿಕೊಂಡು ಮುತ್ತುವುದನ್ನು ನೀವೂ ನೋಡಿರಬಹುದು. ಹಾಗಾಗಿ ಅಮೆರಿಕ, ಯುರೋಪಿನ ಬೇಟೆಗಾರರು ಗೂಬೆಯ ಬೊಂಬೆ ಇಡುತ್ತಾರೆ.

ನಮಗೂ ಇದು ಹೊಸದಲ್ಲ. ಬಳ್ಳಿಗಾವಿಯನ್ನು ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ, ಪಳಗಿಸಿದ ಜಿಂಕೆಯನ್ನು ಮುಂದಿಟ್ಟು ಕಾಡುಜಿಂಕೆಯನ್ನು ಬೇಟೆಯಾಡುವ ಕ್ರಮದ ವಿವರವಿದೆ. ಸಾಕಿದ ಗೌಜಲ ಹಕ್ಕಿಯನ್ನು ಪಂಜರದಲ್ಲಿ ಕೂಗಿಸಿ, ಸುತ್ತ ಉರುಲು ಒಡ್ಡುವುದು ಹಕ್ಕಿಪಿಕ್ಕಿ ಜನರ ಹಳೆಯ ವಿದ್ಯೆಯಾಗಿತ್ತು.

ಈಗ ನಿಮ್ಮ ಗೊಂದಲಕ್ಕೆ ಬರೋಣ. ಅದು ಸಹಜವಾದದ್ದೇ, ಏಕೆಂದರೆ ನಮ್ಮ ಹೊಲದ ಬೊಂಬೆ ಎಂದರೆ ಬೆದರುಬೊಂಬೆ. ಅದು ಮನುಷ್ಯನ ಆಕಾರದ್ದು, ಹಾಗಾಗಿ ಹೆದರಿಸುತ್ತದೆ. ಹಕ್ಕಿಯ ಆಕಾರದ್ದು ಕರೆಯುತ್ತದೆ. ಆದರೆ ಇಲ್ಲೂ ಭಂಗಿಯ ಮೇಲೆ ಎಲ್ಲ ನಿಂತಿದೆ. ತಲೆ ತಗ್ಗಿಸಿ ಮೇಯುವಂತೆ ನಿಲ್ಲಿಸಿದ ಕಾಗೆಯ ಬೊಂಬೆ ಕಾಗೆಗಳನ್ನು ಕರೆಯುತ್ತದೆ. ಅದೇ ಬೊಂಬೆಯನ್ನು ಕಾಲಿಗೆ ದಾರ ಕಟ್ಟಿ, ರೆಕ್ಕೆ ಬಿಚ್ಚಿ ಗಳಕ್ಕೆ ತಲೆಕೆಳಗಾಗಿ ನೇತುಹಾಕಿದರೆ ಸತ್ತ ಕಾಗೆಯಂತೆ ಕಂಡು ಓಡಿಸುತ್ತದೆ. ಹೊಲದಲ್ಲಿ ಸತ್ತ ಕಾಗೆ ಕಟ್ಟುವ ರೂಢಿಯ ಹಿಂದಿರುವುದೂ ಈ ತಿಳಿವಳಿಕೆಯೇ.

ಇನ್ನು ಎರಡನೆಯ ಸಂಶಯ. ಬೊಂಬೆ ಇಟ್ಟು ಹೊಡೆಯಬಹುದೇ? ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೇ ಅನುಸೂಚಿಯಲ್ಲಿ ಮೊದಲು ಊರ ಕಾಗೆ ಇಲಿ, ಹೆಗ್ಗಣಗಳ ಸಾಲಿನಲ್ಲಿ ಪೀಡೆ ಪ್ರಾಣಿಯಾಗಿತ್ತು. ಹಿರಿಯರು ‘ಕಾಗೆ ಹೊಡೆದರೆ ಕೇಸಿಲ್ಲ’ ಎನ್ನುವುದು ಆ ಕಾಲದ ಮಾತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಆ ಪಟ್ಟಿಯೇ ಹೋಯಿತು; ಊರ ಕಾಗೆ ಈಗ ಎರಡನೇ ಅನುಸೂಚಿಯಲ್ಲಿದೆ. ಬೆಳವ, ಹಸಿರು ಪಾರಿವಾಳಗಳಿಗೂ ರಕ್ಷಣೆಯಿದೆ. ಕಾಯ್ದೆಯ ಪ್ರಕಾರ ಗುಂಡು ಹಾರಿಸುವುದಷ್ಟೇ ಬೇಟೆಯಲ್ಲ. ಉರುಲು ಒಡ್ಡುವುದು, ವಿಷದ ಕಾಳು ಎರಚುವುದು, ಆಮಿಷ ಒಡ್ಡಿ ಸೆಳೆಯುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ಶಿಕ್ಷೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆಳೆ ರಕ್ಷಣೆಗೆಂದು ಕೊಟ್ಟ ಬಂದೂಕಿನ ಲೈಸೆನ್ಸ್ ಬೇಟೆಯ ಪರವಾನಗಿಯಲ್ಲ. ವಿಷದ ಕಾಳನ್ನು ನವಿಲು ತಿಂದರೆ ಪ್ರಕರಣ ಮೊದಲನೇ ಅನುಸೂಚಿಗೆ ಹೋಗುತ್ತದೆ, ಶಿಕ್ಷೆ ಇನ್ನೂ ಕಠಿಣ.

ಕೊಲ್ಲುವುದರಿಂದ ಲಾಭವೂ ಕಡಿಮೆ. ನಾಲ್ಕು ಹಕ್ಕಿ ಸತ್ತರೆ ಸುತ್ತಲಿನ ಹೊಲಗಳಿಂದ ಬೇರೆ ನಾಲ್ಕು ಬರುತ್ತವೆ. ಮೇಲಾಗಿ ಉಳುವಾಗ ನೇಗಿಲ ಹಿಂದೆ, ಟ್ರ್ಯಾಕ್ಟರ್ ಹಿಂದೆ ನಡೆಯುತ್ತ ಗೊಣ್ಣೆಹುಳು ಹೆಕ್ಕುವುದೂ ಇದೇ ಕಾಗೆ.

ಹಾಗಾದರೆ ಮಾಡಬೇಕಾದದ್ದೇನು? ನಷ್ಟ ಹೆಚ್ಚಾಗುವುದು ಬಿತ್ತಿದ ಮೇಲಿನ ಹತ್ತು ಹದಿನೈದು ದಿನ, ಆಮೇಲೆ ತೆನೆ ಹಾಲುಗಟ್ಟುವಾಗ. ಈ ಎರಡು ಹೊತ್ತು ಕಾದರೆ ಸಾಕು.

1. ಬೀಜ ಮೇಲೆ ಕಾಣದಂತೆ ಮಣ್ಣು ಮುಚ್ಚಿ. ಚೆಲ್ಲಿದ ಕಾಳನ್ನು ಬದುವಿನ ಮೇಲೂ ಬಿಡಬೇಡಿ. ಮೊದಲು ಹಕ್ಕಿಯನ್ನು ಕರೆಯುವುದು ಅದೇ.

2. ಒಂದು ಬದಿ ಕೆಂಪು, ಇನ್ನೊಂದು ಬದಿ ಬೆಳ್ಳಿ ಬಣ್ಣದ ಮಿರುಗುವ ಪಟ್ಟಿಯನ್ನು ಎರಡು ಮೂರು ಸುತ್ತು ತಿರುಚಿ, ಉತ್ತರ–ದಕ್ಷಿಣವಾಗಿ, ಬೆಳೆಗಿಂತ ತುಸು ಎತ್ತರಕ್ಕೆ ಕಟ್ಟಿ. ಬಿಸಿಲಿಗೆ ಮಿಂಚಿ, ಗಾಳಿಗೆ ಸದ್ದು ಮಾಡುತ್ತದೆ.

3. ಕಪ್ಪು ಬಟ್ಟೆ ಅಥವಾ ಪ್ಲಾಸ್ಟಿಕ್‌ನಿಂದ ಕಾಗೆಯ ಆಕಾರ ಮಾಡಿ ತಲೆಕೆಳಗಾಗಿ ನೇತುಹಾಕಿ. ಇದಕ್ಕಾಗಿ ಕಾಗೆ ಕೊಲ್ಲಬೇಕಿಲ್ಲ.

4. ತೆನೆ ಬಂದಾಗ ಗಿಳಿಯ ಕಾಟವೂ ಸೇರುತ್ತದೆ. ಆಗ ಅಂಚಿನ ಮೂರು ನಾಲ್ಕು ಸಾಲಿನ ತೆನೆಗಳಿಗೆ ಅದೇ ಗಿಡದ ಎಲೆ ಸುತ್ತಿ ಕಟ್ಟಿ. ಹಕ್ಕಿ ಮೊದಲು ಇಳಿಯುವುದು ಅಂಚಿಗೆ.

ಯಾವ ಉಪಾಯವನ್ನೂ ಒಂದೇ ಕಡೆ ಬಿಟ್ಟಿರಬೇಡಿ. ಮೂರು ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸಿ, ಒಂದರ ಜೊತೆ ಇನ್ನೊಂದು ಸೇರಿಸಿ. ಅಲುಗದ ಬೊಂಬೆಯನ್ನು ಕಾಗೆ ಬೇಗ ಗುರುತು ಹಿಡಿದು, ಕೊನೆಗೆ ಅದರ ತಲೆಯ ಮೇಲೆಯೇ ಕೂರುತ್ತದೆ. ಅಕ್ಕಪಕ್ಕದವರೆಲ್ಲ ಒಂದೇ ವಾರದಲ್ಲಿ ಬಿತ್ತಿದರೆ ಹಕ್ಕಿಗಳು ಎಲ್ಲ ಹೊಲಕ್ಕೂ ಹಂಚಿಹೋಗಿ, ಒಬ್ಬರ ಮೇಲೇ ಹೊರೆ ಬೀಳುವುದಿಲ್ಲ.

ಇಷ್ಟಾದರೂ ನಷ್ಟ ನಿಲ್ಲದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ನಿಂತ ಬೆಳೆಗೆ ಅಪಾಯವಿದ್ದರೆ ಕ್ರಮಕ್ಕೆ ಅನುಮತಿ ಕೊಡುವ ಅಧಿಕಾರ ಕಾಯ್ದೆಯ 11ನೇ ಕಲಮಿನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗಿದೆ. ಆ ಅನುಮತಿ ಕೈಗೆ ಬರುವ ತನಕ ಬಂದೂಕು, ಉರುಲು, ವಿಷ ಯಾವುದನ್ನೂ ಮುಟ್ಟಬೇಡಿ.